7 ಯೂನಿಟ್‌ನಿಂದ 54ಕ್ಕೆ: ಮಗಳ ಇನ್ಸುಲಿನ್ ಡೋಸ್ ಹಿಂದೆ ಓಡಿದ ನಾಲ್ಕು ವರ್ಷ

ಹೋದ ವಾರ ಮಗಳ ಆರನೇ ಶುಗರ್ ನೋಟ್‌ಬುಕ್ ಮುಗಿಯಿತು. ಹಳೆಯ ಐದನ್ನೂ ಕಪಾಟಿನಿಂದ ತೆಗೆದು ಸುಮ್ನೆ ತಿರುವಿ ಹಾಕಿದೆ. ಮೊದಲನೆಯದರಲ್ಲಿ ಅಲ್ಲಲ್ಲಿ ಒಣಗಿದ ರಕ್ತದ ಚುಕ್ಕೆಗಳಿವೆ, ಕಂದು ಬಣ್ಣಕ್ಕೆ ತಿರುಗಿವೆ. ಬೆರಳು ಚುಚ್ಚಿದ ಕೈಯಲ್ಲೇ ಪುಟ ಮಗುಚುತ್ತಿದ್ದೆವು. ಅದರ ಒಂದು ಪುಟದಲ್ಲಿ ದಿನದ ಒಟ್ಟು ಇನ್ಸುಲಿನ್ 7 ಯೂನಿಟ್ ಅಂತ ಇದೆ. ಆರನೆಯದರ ಕೊನೆಯ ಪುಟದಲ್ಲಿ 54. ಅದೇ ಮಗು, ಅದೇ ಕಾಯಿಲೆ, ಟೈಪ್ 1 ಡಯಾಬಿಟಿಸ್.

ಪ್ರತಿ ಸಲ ಡೋಸ್ ಏರಿದಾಗಲೂ ನನ್ನಿಂದಲೇ ಏನೋ ತಪ್ಪಾಗಿದೆ ಅಂದುಕೊಂಡೆ. ಜಾಸ್ತಿ ಬಡಿಸಿದೆನಾ? ಲೆಕ್ಕ ತಪ್ಪಿತಾ? ಬೆಳೆಯುವ ಮಗುವಿಗೆ ಚಪ್ಪಲಿ ಚಿಕ್ಕದಾಗುವ ಹಾಗೆ ಡೋಸೂ ಚಿಕ್ಕದಾಗುತ್ತದೆ ಅನ್ನೋದು ತಲೆಗೆ ಹೋಗಲು ಇಷ್ಟು ವರ್ಷ ಬೇಕಾಯಿತು. ಈಗಷ್ಟೇ ಈ ದಾರಿಗೆ ಬಿದ್ದಿರುವ ಅಪ್ಪ ಅಮ್ಮಂದಿರಿಗೆ ಅಷ್ಟು ದಿನ ಹಿಡಿಯದಿರಲಿ ಅಂತ ಬರೆಯುತ್ತಿದ್ದೇನೆ. ಇಲ್ಲಿ ಬರುವ ಯೂನಿಟ್ ಲೆಕ್ಕವೆಲ್ಲ ನನ್ನ ಮಗಳದ್ದು. ನಿಮ್ಮ ಮಗುವಿನದನ್ನು ನಿಮ್ಮ ಡಾಕ್ಟರ್ ಜೊತೆ ಕೂತೇ ಗೊತ್ತು ಮಾಡಿಕೊಳ್ಳಿ. ಶುಗರ್ ಅಂಕಿಗಳು ಎಂಜಿ/ಡಿಎಲ್‌ನಲ್ಲಿವೆ. ನಿಮ್ಮ ಮೀಟರ್ ಎಂಮೋಲ್ ತೋರಿಸುವುದಾದರೆ ನಾನು ಬರೆದದ್ದನ್ನು 18ರಿಂದ ಭಾಗಿಸಿಕೊಳ್ಳಿ.

ಶುರುವಾದಾಗ ಅವಳಿಗೆ 9 ವರ್ಷ. ರಾತ್ರಿ ನಾಲ್ಕೈದು ಸಲ ಎದ್ದು ನೀರು ಕುಡಿಯುತ್ತಿದ್ದಳು. ಎಂದೋ ನಿಂತುಹೋಗಿದ್ದ ಹಾಸಿಗೆ ಒದ್ದೆ ಮಾಡೋದು ಮತ್ತೆ ಶುರುವಾಯಿತು. ಬಿಸಿಲಿಗೆ ಬಾಯಾರಿಕೆ ಅಂತ ನಾವು ಸುಮ್ಮನಿದ್ದೆವು. ಮೂರು ವಾರದಲ್ಲಿ 3 ಕಿಲೋ ಇಳಿದಳು. ಕೊನೆಗೆ ವಾಂತಿ, ಏದುಸಿರು, ಬಾಯಿಂದ ಕೊಳೆತ ಹಣ್ಣಿನಂಥ ವಾಸನೆ. ಆಸ್ಪತ್ರೆ ಸೇರುವ ಹೊತ್ತಿಗೆ ಕೀಟೋಅಸಿಡೋಸಿಸ್ ಆಗಿತ್ತು, ಅಂದರೆ ಇನ್ಸುಲಿನ್ ಸಾಲದೆ ಮೈ ಕೊಬ್ಬು ಕರಗಿಸಿ, ಅದರಿಂದ ಬರುವ ಕೀಟೋನ್ ಅನ್ನೋ ಆಮ್ಲ ರಕ್ತದಲ್ಲಿ ತುಂಬಿಕೊಂಡಿತ್ತು. ಆ ದಿನಗಳ ಬಗ್ಗೆ ಜಾಸ್ತಿ ಬರೆಯಲ್ಲ. ಟೈಪ್ 1 ಅಂದರು. ಮೈ ಕಾಯಬೇಕಾದ ಕಣಗಳೇ ಇನ್ಸುಲಿನ್ ಮಾಡುವ ಬೀಟಾ ಕಣಗಳನ್ನು ಹಾಳು ಮಾಡಿಬಿಡುತ್ತವಂತೆ. ಸಿಹಿ ತಿಂದದ್ದಕ್ಕೆ ಬಂದದ್ದಲ್ಲ ತಾನೇ ಅಂತ ಮೂರು ಸಲ ಕೇಳಿ ಖಾತ್ರಿ ಮಾಡಿಕೊಂಡೆ. ಅಲ್ಲ.

ಮನೆಗೆ ಬರುವಾಗ ಕೈಯಲ್ಲಿ ಡಿಸ್ಚಾರ್ಜ್ ಸಮ್ಮರಿ, ಶುಗರ್ ನೋಡುವ ಒಂದು ಮೀಟರ್, ಇನ್ಸುಲಿನ್ ಚುಚ್ಚುವ ಎರಡು ಬಣ್ಣದ ಪೆನ್. ಒಂದು ಬೇಸಲ್, ಅಂದರೆ ಹಗಲು ರಾತ್ರಿ ಹಿನ್ನೆಲೆಯಲ್ಲಿ ನಿಧಾನಕ್ಕೆ ಕೆಲಸ ಮಾಡುತ್ತಿರೋದು, ದಿನಕ್ಕೆ ಒಂದೇ ಸಲ. ಇನ್ನೊಂದು ಊಟದ್ದು. ಅದು ಹತ್ತು ಹದಿನೈದು ನಿಮಿಷಕ್ಕೆ ಶುರುವಾಗಿ, ಒಂದೆರಡು ಗಂಟೆಯಲ್ಲಿ ಜೋರಾಗಿ, ನಾಲ್ಕೈದು ಗಂಟೆಯೊಳಗೆ ಮುಗಿಯುತ್ತದೆ. ಎರಡೂ ಸೇರಿ ದಿನಕ್ಕೆ 18 ಯೂನಿಟ್. ಅವಳ ತೂಕ ಆಗ 24 ಕಿಲೋ.

ಚುಚ್ಚೋದು ಕಲಿಸಿದ ಸಿಸ್ಟರ್ ಹೊರಡುವಾಗ ಒಂದು ಮಾತು ಹೇಳಿದ್ದರು: "ಈ ಕಾಗದದಲ್ಲಿರೋ ಡೋಸ್ ಈ ವಾರದ್ದು ಮಾತ್ರ ಕಣಮ್ಮ." ನನ್ನ ಕಿವಿಗೆ ಬಿತ್ತು, ತಲೆಗೆ ಹೋಗಲಿಲ್ಲ. ಮಾರನೇ ದಿನವೇ ಆ ಕಾಗದವನ್ನು ಲ್ಯಾಮಿನೇಟ್ ಮಾಡಿಸಿ ಫ್ರಿಜ್ ಬಾಗಿಲಿಗೆ ಅಂಟಿಸಿದೆ. ಹದಿನೆಂಟನೇ ದಿನಕ್ಕೆ ಅದು ಕೆಲಸಕ್ಕೆ ಬಾರದಾಯಿತು.

ಆ ಮಧ್ಯಾಹ್ನ ಹೋಮ್‌ವರ್ಕ್ ಮಾಡುತ್ತಾ ಕೂತಿದ್ದವಳು "ಅಮ್ಮ, ಅಕ್ಷರ ಕುಣೀತಿದೆ" ಅಂದಳು. ಮೇಲ್ತುಟಿಯ ಮೇಲೆ ಸಣ್ಣ ಸಣ್ಣ ಬೆವರ ಹನಿ. ಪೆನ್ಸಿಲ್ ಹಿಡಿದ ಕೈ ನಡುಗುತ್ತಿತ್ತು. ಮೀಟರ್ 58 ತೋರಿಸಿತು. 70ಕ್ಕಿಂತ ಕೆಳಗೆ ಹೋದರೆ ಲೋ. ಗಾಬರಿಯಲ್ಲಿ ಮೂರು ಚಮಚ ಸಕ್ಕರೆ ನೀರಲ್ಲಿ ಕಲಸಿ ಕುಡಿಸಿದೆ, ಅದರ ಮೇಲೆ ಹಣ್ಣಿನ ರಸ, ಅದರ ಮೇಲೆ ಬಿಸ್ಕತ್ತು. ಒಂದು ಗಂಟೆ ಬಿಟ್ಟು ನೋಡಿದರೆ 260. ಆಮೇಲೆ ಗೊತ್ತಾಯಿತು, 15 ಗ್ರಾಂ ಸಕ್ಕರೆ ಕೊಡಿ ಅನ್ನೋ ಲೆಕ್ಕ ದೊಡ್ಡವರದ್ದು. ಮಕ್ಕಳಿಗೆ ಕಿಲೋ ತೂಕಕ್ಕೆ ಸುಮಾರು 0.3 ಗ್ರಾಂ. ನನ್ನ ಮಗಳಿಗೆ 8 ಗ್ರಾಂ ಸಾಕಿತ್ತು, ಅಂದರೆ ಎರಡು ಚಿಕ್ಕ ಚಮಚಕ್ಕಿಂತ ಕಮ್ಮಿ. ಕೊಟ್ಟು 15 ನಿಮಿಷ ಕಾಯಬೇಕು, ಮತ್ತೆ ಚುಚ್ಚಿ ನೋಡಬೇಕು. ಆ ಹದಿನೈದು ನಿಮಿಷ ಕೈಕಟ್ಟಿ ಕೂರೋದೇ ಎಲ್ಲಕ್ಕಿಂತ ಕಷ್ಟ. ಇನ್ನೊಂದು ಸಂಗತಿ: ಮಗುವಿಗೆ ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕಬೇಡಿ. ಅದಕ್ಕೆ ಗ್ಲುಕಗಾನ್ ಅನ್ನೋ ಔಷಧಿ ಇದೆ. ಡಿಸ್ಚಾರ್ಜ್ ಆಗುವ ಮೊದಲೇ ಅದನ್ನು ಬರೆಸಿಕೊಳ್ಳಿ, ಹಾಕೋದು ಹೇಗೆ ಅಂತ ಕಲಿತುಕೊಳ್ಳಿ. ನಮಗೆ ಅದು ಬೇಕಾಗಿ ಬರಲಿಲ್ಲ, ಆದರೂ ಎಕ್ಸ್‌ಪೈರಿ ದಿನಾಂಕ ನೋಡುತ್ತಲೇ ಇರುತ್ತೇನೆ.

ಅವತ್ತಿನಿಂದ ದಿನಾ ಲೋ. ಫೋನ್ ಮಾಡಿದಾಗಲೆಲ್ಲ ಡಾಕ್ಟರ್ ಒಂದು ಯೂನಿಟ್, ಅರ್ಧ ಯೂನಿಟ್ ಇಳಿಸುತ್ತಾ ಬಂದರು. ಎರಡು ತಿಂಗಳು ತುಂಬುವಾಗ 18 ಇದ್ದದ್ದು 7ಕ್ಕೆ ಬಂದಿತ್ತು. ಇದನ್ನು ಹನಿಮೂನ್ ಅನ್ನುತ್ತಾರೆ. ಒಂಬತ್ತು ವರ್ಷದ ಮಗುವಿಗೆ ಹನಿಮೂನ್! ಹೆಸರಿಟ್ಟವರಿಗೆ ಬೇರೆ ಪದ ಸಿಗಲಿಲ್ಲವೋ ಏನೋ. ಹೊರಗಿನಿಂದ ಇನ್ಸುಲಿನ್ ಸಿಕ್ಕ ಮೇಲೆ ಅಳಿದುಳಿದ ಬೀಟಾ ಕಣಗಳು ಸುಧಾರಿಸಿಕೊಂಡು ಸ್ವಲ್ಪ ಕಾಲ ಮತ್ತೆ ಕೆಲಸ ಮಾಡುತ್ತವೆ. ದಿನದ ಒಟ್ಟು ಇನ್ಸುಲಿನ್ ಕಿಲೋ ತೂಕಕ್ಕೆ ಅರ್ಧ ಯೂನಿಟ್‌ಗಿಂತ ಕಮ್ಮಿ ಸಾಕಾಗುತ್ತಿದ್ದರೆ ಈ ಹಂತ ಅಂತ ಸಾಮಾನ್ಯವಾಗಿ ಹಿಡಿಯುತ್ತಾರೆ. ಎಲ್ಲ ಮಕ್ಕಳಿಗೂ ಬರಲ್ಲ. ತೀರಾ ಚಿಕ್ಕ ಮಕ್ಕಳಿಗೆ, ಕೀಟೋಅಸಿಡೋಸಿಸ್ ಆಗಿ ಬಂದವರಿಗೆ ಕಮ್ಮಿ. ನಮಗೆ ಬಂತು.

ಬಂತು ಅಂತ ಖುಷಿಪಡೋದೇ ತಪ್ಪಾಯಿತು. ಮನೆಗೆ ಬಂದುಹೋದವರೆಲ್ಲ "ನೋಡಿ, ವಾಸಿಯಾಗ್ತಾ ಇದೆ" ಅಂದರು. ಒಬ್ಬರು ಯಾವುದೋ ಪುಡಿಯ ಹೆಸರು ಹೇಳಿ, ಇನ್ಸುಲಿನ್ ಪೂರ್ತಿ ನಿಲ್ಲಿಸಬಹುದು ಅಂದರು. ನನಗೂ ಒಳಗೊಳಗೇ ಆಸೆ ಇತ್ತು, ಸುಳ್ಳು ಯಾಕೆ ಹೇಳಲಿ. ಡಾಕ್ಟರ ಹತ್ತಿರ ಬಾಯಿಬಿಟ್ಟೆ. ಅವರು ನಗಲೂ ಇಲ್ಲ, ಬೈಯಲೂ ಇಲ್ಲ. "ಒಂದು ಯೂನಿಟ್ ಸಾಕು ಅನ್ನೋ ಹಾಗಿದ್ದರೂ ಆ ಒಂದನ್ನ ಹಾಕಿ. ಉಳಿದಿರೋ ಕಣಗಳೂ ಹೋಗ್ತವೆ. ಯಾವತ್ತು ಅಂತ ನನಗೂ ಗೊತ್ತಿಲ್ಲ" ಅಂದರು.

ಆ ತಿಂಗಳುಗಳಲ್ಲಿ ಔಷಧಿ ಚೆಲ್ಲುವ ಸಂಕಟವೂ ಇತ್ತು. ನಮ್ಮ ಪೆನ್‌ನಲ್ಲಿ 300 ಯೂನಿಟ್. ಒಮ್ಮೆ ಶುರು ಮಾಡಿದರೆ 28 ದಿನ. ಬೇಸಲ್ ದಿನಕ್ಕೆ 4, ಸೂಜಿ ಸರಿ ಇದೆಯಾ ಅಂತ ಪ್ರತಿ ಸಲ ಗಾಳಿಗೆ ಬಿಡುವ 2, ಒಟ್ಟು 6. ತಿಂಗಳ ಕೊನೆಗೆ 130 ಯೂನಿಟ್ ಹಾಗೇ ಕಸಕ್ಕೆ. ಕಾಸು ಕೊಟ್ಟು ತಂದದ್ದು, ಮನಸ್ಸು ಒಪ್ಪದೆ ಒಮ್ಮೆ ಎರಡು ವಾರ ಜಾಸ್ತಿ ಬಳಸಿದೆ. ಶುಗರ್ ಏರತೊಡಗಿತು, ಕಾರಣ ಹುಡುಕಿ ಸುಸ್ತಾಯಿತು. ಪೆನ್ ಬದಲಿಸಿದ ಮಾರನೇ ದಿನ ಇಳಿಯಿತು. ಇನ್ನು ಆ ಕೆಲಸ ಮಾಡಲ್ಲ. ಹಾಗೆಯೇ, ತೆರೆಯದ ಪೆನ್‌ಗಳನ್ನು ಫ್ರಿಜ್‌ನಲ್ಲಿ 2ರಿಂದ 8 ಡಿಗ್ರಿಯಲ್ಲಿ ಇಡಿ, ಆದರೆ ಹಿಂದಿನ ಗೋಡೆಗೆ ತಾಗಿಸಬೇಡಿ. ಹೆಪ್ಪುಗಟ್ಟಿದ ಇನ್ಸುಲಿನ್ ಕರಗಿದರೂ ಕೆಲಸ ಮಾಡಲ್ಲ. ಪೆನ್ ತಗೊಳ್ಳುವಾಗ ಅರ್ಧ ಯೂನಿಟ್ ಹಾಕಲು ಬರುವಂಥದ್ದು ಇದೆಯಾ ಅಂತ ಕೇಳಿ. 7 ಯೂನಿಟ್ ಮಗುವಿಗೆ ಅರ್ಧ ಅಂದರೆ ಸಣ್ಣದಲ್ಲ.

ಹತ್ತು ತಿಂಗಳಿಗೆ ಹನಿಮೂನ್ ಮುಗಿಯಿತು. ಯಾರೂ ಗಂಟೆ ಬಾರಿಸಿ ಹೇಳಲಿಲ್ಲ. ಬೆಳಗಿನ ಶುಗರ್ 120 ಇದ್ದದ್ದು 150 ಆಯಿತು, 180 ಆಯಿತು, ಒಂದು ವಾರ ಪೂರ್ತಿ 220ರ ಆಚೆ ಈಚೆ. ನಾನು ಮಾಡಿದ್ದೇನು ಗೊತ್ತಾ? ಅವಳ ತಟ್ಟೆ ಚಿಕ್ಕದು ಮಾಡಿದೆ. ಮೊದಲು ಸಂಜೆಯ ತಿಂಡಿ ನಿಲ್ಲಿಸಿದೆ. ಆಮೇಲೆ ರಾತ್ರಿ ಊಟ ಅರ್ಧಕ್ಕೆ ಇಳಿಸಿದೆ. ಅವಳು ಇನ್ನೊಂಚೂರು ಬೇಕು ಅಂದಾಗ "ಶುಗರ್ ನೋಡಿದೆಯಾ ಎಷ್ಟಿದೆ" ಅಂದೆ. ಅವಳು ತಟ್ಟೆ ಎತ್ತಿಕೊಂಡು ಹೋಗಿ ತಾನೇ ತೊಳೆದಿಟ್ಟಳು. ಈಗಲೂ ಆ ನಲ್ಲಿಯ ಸದ್ದು ನೆನಪಾದರೆ ಹೊಟ್ಟೆ ಹಿಂಡುತ್ತದೆ.

ಮುಂದಿನ ಭೇಟಿಗೆ ಇನ್ನೂ ಐದು ವಾರವಿತ್ತು. ನಾನು ಕಾದೆ. ಹೀಗೆ ಕಾಯಬಾರದು. ಮೂರು ದಿನ ಒಂದೇ ಹೊತ್ತಿನಲ್ಲಿ ಶುಗರ್ ಹೆಚ್ಚು ಬಂದರೆ ಫೋನ್ ಮಾಡಿ, ಭೇಟಿಯ ದಿನ ಬರಲಿ ಅಂತ ಕೂರಬೇಡಿ. ಕೊನೆಗೆ ಹೋದಾಗ ಡಾಕ್ಟರ್ ಮೊದಲು ನೋಡಿದ್ದು ಶುಗರ್ ಅಲ್ಲ, ತೂಕದ ಗೆರೆ. ಅದು ಮೇಲೆ ಹೋಗುವ ಬದಲು ಮಲಗಿತ್ತು. "ಬೆಳೆಯೋ ಮಗು ಇದು. ಊಟ ಇಳಿಸಬೇಡಿ, ಇನ್ಸುಲಿನ್ ಏರಿಸೋಣ" ಅಂದರು. ಇಷ್ಟೇ ಮಾತು. ನಾನು ಅಲ್ಲೇ ಅತ್ತುಬಿಟ್ಟೆ. ಮಗಳು ನನ್ನ ಸೆರಗು ಎಳೆದು "ಅಮ್ಮ, ಹೊರಗೆ ಹೋಗಿ ಅಳು" ಅಂದಳು.

ಅಲ್ಲಿಂದ ಏರಿಸುವ ಕೆಲಸ ಶುರು. ಬೆಳೆಯುವ ಮಕ್ಕಳಿಗೆ ಹನಿಮೂನ್ ಮುಗಿದ ಮೇಲೆ, ಪ್ರೌಢರಾಗುವ ಮೊದಲು, ಕಿಲೋಗೆ 0.7ರಿಂದ 1 ಯೂನಿಟ್ ಬೇಕಾಗೋದು ಸಾಮಾನ್ಯ ಅಂದರು. ಅವಳು ಆಗ 30 ಕಿಲೋ. ಎರಡು ತಿಂಗಳಲ್ಲಿ 22 ಯೂನಿಟ್‌ಗೆ ನಿಂತಿತು. ಆ ಎರಡು ತಿಂಗಳಲ್ಲಿ ನಮಗೆ ದಕ್ಕಿದ ಪಾಠ: ಒಂದು ಸಲಕ್ಕೆ ಒಂದೇ ಬದಲಾವಣೆ. ಮೊದಲು ಬೇಸಲ್ ಸರಿ ಮಾಡಬೇಕು. ಮಲಗುವಾಗಿನ ಶುಗರ್, ಬೆಳಗಿನ ಶುಗರ್ ಎರಡೂ ಹತ್ತಿರ ಹತ್ತಿರ ಇದ್ದರೆ ಬೇಸಲ್ ಸರಿ ಇದೆ. ಬದಲಿಸಿದರೆ ಎರಡು ಮೂರು ದಿನ ಬಿಟ್ಟು ನೋಡಬೇಕು. ನಾನೋ, ಬೆಳಿಗ್ಗೆ ಬೇಸಲ್, ಮಧ್ಯಾಹ್ನ ಊಟದ್ದು, ರಾತ್ರಿ ಮತ್ತೊಂದು ಅಂತ ಎಲ್ಲವನ್ನೂ ತಿರುಗಿಸಿ, ಯಾವುದರಿಂದ ಏನಾಯಿತು ಅಂತ ತಿಳಿಯದೆ ಕೂತವಳು.

ಬೆಳಗಿನ ಶುಗರ್ ಹೆಚ್ಚಿದ್ದರೆ ಬೇಸಲ್ ಏರಿಸುವ ಮೊದಲು ನಡುರಾತ್ರಿ ಎರಡು ಮೂರು ಗಂಟೆಗೆ ಒಂದು ಸಲ ನೋಡಲೇಬೇಕು. ಆಗ ಲೋ ಇದ್ದರೆ ಏರಿಸಿದ ಬೇಸಲ್ ಅಪಾಯ. ಮೂರು ಗಂಟೆಗೆ ಚೆನ್ನಾಗಿದ್ದು ಆರು ಗಂಟೆಗೆ ಏರಿದ್ದರೆ ಅದು ಮುಂಜಾನೆಯ ಹಾರ್ಮೋನುಗಳ ಕೆಲಸ. ನಾನೂ ಅವಳಪ್ಪನೂ ಪಾಳಿ ಹಾಕಿಕೊಂಡು ಏಳುತ್ತಿದ್ದೆವು. ನಿದ್ದೆಯಲ್ಲೇ ಬೆರಳು ಚಾಚಿ ಕೊಡೋದು ಮಗಳಿಗೆ ಅಭ್ಯಾಸವಾಗಿಹೋಯಿತು.

ಊಟದ ಡೋಸ್‌ಗೆ ಎರಡು ಲೆಕ್ಕ ಹೇಳಿಕೊಟ್ಟರು. 500ನ್ನು ದಿನದ ಒಟ್ಟು ಯೂನಿಟ್‌ನಿಂದ ಭಾಗಿಸಿದರೆ ಒಂದು ಯೂನಿಟ್ ಎಷ್ಟು ಗ್ರಾಂ ಕಾರ್ಬ್, ಅಂದರೆ ಊಟದಲ್ಲಿ ಸಕ್ಕರೆಯಾಗಿ ಬದಲಾಗುವ ಪಿಷ್ಟ ಮತ್ತು ಸಿಹಿ, ತಡೆಯುತ್ತದೆ ಅಂತ ಅಂದಾಜು ಸಿಗುತ್ತದೆ. 1800ನ್ನು ಭಾಗಿಸಿದರೆ ಒಂದು ಯೂನಿಟ್ ಎಷ್ಟು ಶುಗರ್ ಇಳಿಸುತ್ತದೆ ಅಂತ. ನಮ್ಮ 22 ಯೂನಿಟ್‌ಗೆ 23 ಗ್ರಾಂ, 82 ಅಂತ ಬಂತು. ಇದು ಅಂದಾಜು ಮಾತ್ರ. ಅವಳ ಮೈ ಬೆಳಿಗ್ಗೆ ಈ ಲೆಕ್ಕಕ್ಕೆ ಸೊಪ್ಪೇ ಹಾಕುತ್ತಿರಲಿಲ್ಲ, ತಿಂಡಿಗೆ ಜಾಸ್ತಿ ಬೇಕಾಗುತ್ತಿತ್ತು. ಒಟ್ಟು ಡೋಸ್ ಬದಲಾದಾಗಲೆಲ್ಲ ಈ ಲೆಕ್ಕವನ್ನೂ ಹೊಸದಾಗಿ ಮಾಡಬೇಕು ಅನ್ನೋದನ್ನು ನಾವು ಮರೆತು ಒಂದು ತಿಂಗಳು ಒದ್ದಾಡಿದ್ದೂ ಇದೆ.

ಮಧ್ಯೆ ಒಂದು ಜ್ವರ ಬಂತು. ಅವಳು ಏನೂ ತಿನ್ನಲಿಲ್ಲ. ನಮ್ಮ ಅತ್ತೆ "ಊಟಾನೇ ಮಾಡಿಲ್ಲ, ಇನ್ಸುಲಿನ್ ಯಾಕೆ ಚುಚ್ತೀಯಾ?" ಅಂದರು. ಕೇಳಿದರೆ ಸರಿ ಅನ್ನಿಸುವ ಮಾತೇ, ಅಲ್ವಾ? ನಾನೂ ಒಂದು ಕ್ಷಣ ತಡೆದೆ. ಶುಗರ್ 310. ಮೀಟರ್‌ಗೆ ಕೀಟೋನ್ ಸ್ಟ್ರಿಪ್ ಹಾಕಿ ರಕ್ತ ನೋಡಿದರೆ 1.8 (ಕೀಟೋನ್ ಅಂಕಿ ಎಂಮೋಲ್‌ನಲ್ಲಿ). 0.6ಕ್ಕಿಂತ ಕೆಳಗಿದ್ದರೆ ನಿಶ್ಚಿಂತೆ, 1.5 ದಾಟಿದರೆ ಕೀಟೋಅಸಿಡೋಸಿಸ್ ಕಡೆಗೆ ಹೊರಟ ಹಾಗೆ, 3 ದಾಟಿದರೆ ನೇರ ಆಸ್ಪತ್ರೆಗೆ. ಜ್ವರದಲ್ಲಿ ಮೈಗೆ ಇನ್ಸುಲಿನ್ ಜಾಸ್ತಿ ಬೇಕು, ಊಟ ಮಾಡದಿದ್ದರೂ ಬೇಕು. ಬೇಸಲ್ ಯಾವ ಕಾರಣಕ್ಕೂ ನಿಲ್ಲಿಸುವ ಹಾಗಿಲ್ಲ. ಫೋನಿನಲ್ಲಿ ಡಾಕ್ಟರ್ ಹೇಳಿದಂತೆ ದಿನದ ಡೋಸ್‌ನ ಹತ್ತನೇ ಒಂದು ಭಾಗ, ಅಂದರೆ 2 ಯೂನಿಟ್, ಊಟದ ಪೆನ್‌ನಿಂದ ಹೆಚ್ಚಿಗೆ ಹಾಕಿದೆವು. ಗುಟುಕು ಗುಟುಕಾಗಿ ನೀರು. ಎರಡು ಗಂಟೆಗೊಮ್ಮೆ ಚುಚ್ಚಿ ನೋಡೋದು. ಬೆಳಗಿನ ಜಾವ ನಾಲ್ಕಕ್ಕೆ ಕೀಟೋನ್ 0.5 ಬಂತು. ಅತ್ತೆ ಅಷ್ಟು ಹೊತ್ತೂ ಎದ್ದೇ ಇದ್ದರು. ಈಗ ಯಾರಿಗೆ ಜ್ವರ ಬಂದರೂ "ಕೀಟೋನ್ ನೋಡಿದ್ಯಾ" ಅಂತ ಕೇಳುವುದು ಅವರೇ.

ವಾಂತಿ ಭೇದಿ ಆದಾಗ ಇದರ ಉಲ್ಟಾ. ತಿಂದದ್ದು ಮೈಗೆ ಹತ್ತಲ್ಲ, ಶುಗರ್ ಇಳಿಯುತ್ತದೆ. ಆಗ ಡೋಸ್ ಕಮ್ಮಿ ಮಾಡಬೇಕಾಗಬಹುದು, ಆದರೆ ಕೀಟೋನ್ ಮಾತ್ರ ನೋಡಲೇಬೇಕು. ಈ ಎರಡಕ್ಕೂ ಏನು ಮಾಡಬೇಕು ಅಂತ ಮಗು ಚೆನ್ನಾಗಿರುವಾಗಲೇ ಡಾಕ್ಟರ ಕೈಯಲ್ಲಿ ಬರೆಸಿಟ್ಟುಕೊಳ್ಳಿ. ರಾತ್ರಿ ಹನ್ನೊಂದಕ್ಕೆ ಓದಲು ಆಗುವಷ್ಟು ದಪ್ಪ ಅಕ್ಷರದಲ್ಲಿ.

ಹನ್ನೊಂದು ತುಂಬಿದ ಮೇಲೆ ಅಸಲಿ ಆಟ ಶುರುವಾಯಿತು. ಡೋಸ್ 26, 31, 36. ಶುಗರ್ ಮಾತ್ರ ಇಳಿಯಲೊಲ್ಲದು. ಒಂದು ಭೇಟಿಯಲ್ಲಿ ಡಾಕ್ಟರ್ ಅವಳ ಹೊಟ್ಟೆಯ ಮೇಲೆ ಬೆರಳು ಆಡಿಸಿ, ನನ್ನ ಕೈಯನ್ನೂ ಹಿಡಿದು ಅಲ್ಲಿ ಇಟ್ಟರು. ಹೊಕ್ಕುಳ ಎಡಕ್ಕೆ, ಚರ್ಮದ ಕೆಳಗೆ, ಮೆತ್ತಗಿನ ರಬ್ಬರಿನಂಥ ಉಬ್ಬು. ಒಂದೇ ಜಾಗಕ್ಕೆ ಚುಚ್ಚೀ ಚುಚ್ಚೀ ಕೊಬ್ಬು ಗಂಟು ಕಟ್ಟಿತ್ತು. ಅಲ್ಲಿ ನೋವಾಗಲ್ಲ ಅಂತ ಅವಳು ಅಲ್ಲೇ ಚುಚ್ಚಿಕೊಳ್ಳುತ್ತಿದ್ದಳು. ಅಲ್ಲಿ ಹಾಕಿದ ಇನ್ಸುಲಿನ್ ಒಂದು ದಿನ ಮೈಗೆ ಹತ್ತುತ್ತದೆ, ಒಂದು ದಿನ ಇಲ್ಲ. ಜಾಗ ಬದಲಿಸಲು ಹೇಳಿ, ಜೊತೆಗೇ ಡೋಸ್ ಇಳಿಸಿದರು. ಯಾಕೆಂದರೆ ಒಳ್ಳೆಯ ಚರ್ಮಕ್ಕೆ ಅಷ್ಟೇ ಯೂನಿಟ್ ಹಾಕಿದರೆ ಲೋ ಆಗುತ್ತದೆ. ನೋಟ್‌ಬುಕ್‌ನಲ್ಲಿ ಹೊಟ್ಟೆ, ತೊಡೆ, ತೋಳು ಅಂತ ಒಂದು ಹೊಸ ಅಂಕಣ ಬಂತು. ಶುಗರ್ ಕಾರಣವಿಲ್ಲದೆ ಹಾರಾಡುತ್ತಿದ್ದರೆ ಡೋಸ್ ಮುಟ್ಟುವ ಮೊದಲು ಚರ್ಮ ಮುಟ್ಟಿ ನೋಡಿ. ಹಾಗೇ, ಬೆರಳು ಚುಚ್ಚುವ ಮುಂಚೆ ಕೈ ತೊಳೆಸಿ. ಹಣ್ಣು ಮುಟ್ಟಿದ ಬೆರಳು ಒಮ್ಮೆ ನಮಗೆ 340 ತೋರಿಸಿತ್ತು. ತೊಳೆದು ನೋಡಿದರೆ 128.

ಗಂಟಿನ ಕತೆ ಮುಗಿದ ಮೇಲೂ ಡೋಸ್ ಏರುತ್ತಲೇ ಹೋಯಿತು. ಈ ಸಲ ಕಾರಣ ಬೆಳವಣಿಗೆಯದ್ದು. ಪ್ರೌಢರಾಗುವ ಹೊತ್ತಿಗೆ ಮೈಯಲ್ಲಿ ಬೆಳವಣಿಗೆಯ ಹಾರ್ಮೋನ್ ಹೆಚ್ಚುತ್ತದೆ, ಅದು ಇನ್ಸುಲಿನ್‌ಗೆ ಅಡ್ಡ ನಿಲ್ಲುತ್ತದೆ. ಕಿಲೋಗೆ 1.2 ಯೂನಿಟ್, ಕೆಲವರಿಗೆ 2ರ ತನಕವೂ ಬೇಕಾಗುತ್ತದೆ. ಹನ್ನೊಂದೂವರೆಗೆ ಅವಳು 38 ಕಿಲೋ, 48 ಯೂನಿಟ್. ಒಂದು ಯೂನಿಟ್‌ಗೆ 23 ಗ್ರಾಂ ಇದ್ದದ್ದು 10ಕ್ಕೆ ಬಂತು.

ಇಲ್ಲೊಂದು ಯಾರೂ ಹೇಳದ ತೊಡಕು. ನಮ್ಮ ಕೈಲಿದ್ದ ಚೀಟಿ ಹಳೆಯ ಡೋಸ್‌ನದ್ದು. ತಿಂಗಳಿಗೆ ನಾಲ್ಕು ಪೆನ್ ಅಂತ ಬರೆದಿತ್ತು. 48 ಯೂನಿಟ್‌ಗೆ, ಗಾಳಿಗೆ ಬಿಡುವುದೂ ಸೇರಿ, ಆರು ಬೇಕು. ಇಪ್ಪತ್ತನೇ ದಿನಕ್ಕೆ ಖಾಲಿ. ಔಷಧಿ ಅಂಗಡಿಯವರು ಹೊಸ ಚೀಟಿ ಇಲ್ಲದೆ ಕೊಡಲ್ಲ ಅಂದರು. ಡಾಕ್ಟರ್ ರಜೆಯಲ್ಲಿದ್ದರು. ಕ್ಲಿನಿಕ್ಕಿನ ಬೆಂಚಿನ ಮೇಲೆ ಮೂರು ಗಂಟೆ ಕೂತು, ಅವರ ಜಾಗದಲ್ಲಿದ್ದವರಿಂದ ಬರೆಸಿಕೊಂಡು ಬಂದೆ. ಪೆನ್‌ನಲ್ಲಿ ಉಳಿದಿದ್ದದ್ದು ಆ ರಾತ್ರಿಯದ್ದು ಮಾತ್ರ. ಈಗ ಡೋಸ್ ಏರಿದ ದಿನವೇ ಚೀಟಿ ಬದಲಿಸುತ್ತೇನೆ, ಚೀಟಿಯಲ್ಲಿ ಸ್ವಲ್ಪ ಹೆಚ್ಚಿಗೆ ಬರೆಯಲು ಕೇಳುತ್ತೇನೆ. ಶುಗರ್ ನೋಡುವ ಸ್ಟ್ರಿಪ್‌ಗೂ ಇದೇ. 50ರ ಡಬ್ಬಿ ಮಾಮೂಲಿ ದಿನಗಳಲ್ಲಿ ಹತ್ತು ದಿನ ಬಂದರೆ, ಡೋಸ್ ಬದಲಿಸುವ ವಾರ ಐದೇ ದಿನ. ಈ ಕಾಯಿಲೆಯಲ್ಲಿ ಲೆಕ್ಕ ತಪ್ಪಿಸುವ ಖರ್ಚು ನಮಗೆ ಇನ್ಸುಲಿನ್‌ಗಿಂತ ಸ್ಟ್ರಿಪ್‌ನದ್ದೇ.

ಈಗ ಬರೆಯಲು ಮುಜುಗರವಾಗುವ ಭಾಗ.

ಹನ್ನೆರಡನೇ ವಯಸ್ಸಿಗೆ ಅವಳೇ ನೋಟ್‌ಬುಕ್ ಬರೆಯತೊಡಗಿದಳು. ಅಂಕಿಗಳು ಒಮ್ಮೆಲೇ ಚೆಂದವಾದವು. 110, 126, 134, 118. ನಾನು ಹಿಗ್ಗಿದೆ. ನೆಂಟರಿಗೆಲ್ಲ ಹೇಳಿಕೊಂಡೆ. ಎಚ್‌ಬಿಎ1ಸಿ ಪರೀಕ್ಷೆಗೆ ಕೊಟ್ಟೆವು. ಹಿಂದಿನ ಎರಡು ಮೂರು ತಿಂಗಳ ಸರಾಸರಿ ಹೇಳುವ ಪರೀಕ್ಷೆ ಅದು. 7ರೊಳಗೆ ಇರಲಿ ಅಂತ ನಮ್ಮ ಗುರಿ. ಬಂದದ್ದು 9.4. ಲ್ಯಾಬಿನವರು ತಪ್ಪು ಮಾಡಿದ್ದಾರೆ ಅಂತ ನಾನು ಜಗಳಕ್ಕೆ ಹೊರಟಿದ್ದೆ. ಡಾಕ್ಟರ್ ಏನೂ ಮಾತಾಡದೆ ಅವಳ ಮೀಟರ್ ತಗೊಂಡು ಅದರ ಮೆಮೊರಿ ತೆಗೆದರು. 243, 287, 196, 302. ಎಷ್ಟೋ ದಿನ ಏನೂ ಇಲ್ಲ, ಚುಚ್ಚಿಯೇ ಇಲ್ಲ. ನೋಟ್‌ಬುಕ್‌ನಲ್ಲಿದ್ದದ್ದು ಕಟ್ಟುಕತೆ.

ಮನೆಗೆ ಬಂದ ಮೇಲೆ ತುಂಬಾ ಹೊತ್ತು ಅವಳು ಮಾತಾಡಲಿಲ್ಲ. ಆಮೇಲೆ ಗೋಡೆ ನೋಡುತ್ತಾ ಹೇಳಿದಳು: "ಜಾಸ್ತಿ ಬಂದ್ರೆ ನೀನು ಮುಖ ಒಂಥರಾ ಮಾಡ್ತೀಯಾ." ಮುಖ ಹೇಗೆ ಮಾಡುತ್ತೇನೆ ಅಂತ ಕೇಳಿದೆ. ಮಾಡಿ ತೋರಿಸಿದಳು. ಹುಬ್ಬು ಗಂಟಿಕ್ಕಿ, ತುಟಿ ಒಳಗೆ ಎಳೆದುಕೊಂಡು, ಮೂಗಿನಿಂದ ಉಸಿರು ಬಿಟ್ಟು. ಥೇಟ್ ನಾನೇ. ಮಾರ್ಕ್ಸ್ ಕಾರ್ಡ್ ನೋಡುವಾಗ ನಮ್ಮ ಅಪ್ಪ ಮಾಡುತ್ತಿದ್ದ ಮುಖ ಅದು.

ಅವತ್ತಿಂದ ಮನೆಯಲ್ಲಿ ಎರಡು ಮಾತು ಬಂದ್. ಶುಗರ್ "ಒಳ್ಳೇದು", "ಕೆಟ್ಟದ್ದು" ಅನ್ನುವುದಿಲ್ಲ. ಹೆಚ್ಚು, ಕಮ್ಮಿ, ಅಷ್ಟೇ. 290 ಬಂದರೆ "ಎಷ್ಟು ಯೂನಿಟ್ ಹಾಕೋಣ" ಅಂತ ಮಾತ್ರ ಕೇಳಬೇಕು, ಯಾಕೆ ಬಂತು ಅಂತ ಸಂಜೆ ನೋಡಿದರಾಯಿತು. ದಿನದ ಬೇಸಲ್ ನಾನೇ ಹಾಕಲು ಶುರು ಮಾಡಿದೆ. ದೊಡ್ಡವಳಾದಳು ಅಂತ ಎಲ್ಲವನ್ನೂ ಒಮ್ಮೆಲೇ ಅವಳ ತಲೆಗೆ ಕಟ್ಟಿದ್ದು ನಮ್ಮ ತಪ್ಪು. ಆ ವಾರವೇ ಅವಳಿಗೆ ಒಂದು ಕತೆ ಹೇಳಿದೆ. ಇನ್ಸುಲಿನ್ ಚುಚ್ಚಿಸಿಕೊಂಡ ಮೊದಲ ರೋಗಿ ಲಿಯೊನಾರ್ಡ್ ಥಾಂಪ್ಸನ್ ಅನ್ನೋ 14 ವರ್ಷದ ಹುಡುಗ, 1922ರ ಜನವರಿಯಲ್ಲಿ, ಟೊರಾಂಟೊದಲ್ಲಿ. ಮೊದಲ ಚುಚ್ಚು ಅಷ್ಟು ಕೆಲಸ ಮಾಡಲಿಲ್ಲ. ಇನ್ನಷ್ಟು ಶುದ್ಧ ಮಾಡಿ 12 ದಿನ ಬಿಟ್ಟು ಮತ್ತೆ ಕೊಟ್ಟಾಗ ಸಕ್ಕರೆ ಇಳಿಯಿತು. "ಅವನ ಅಮ್ಮನೂ ಮುಖ ಮಾಡಿರ್ತಾರಾ?" ಅಂತ ಕೇಳಿದಳು.

ಆಮೇಲೆ ಸೆನ್ಸರ್ ಹಾಕಿಸಿದೆವು. ತೋಳಿಗೆ ಅಂಟಿಸುವ ಬಿಲ್ಲೆ, ಕೆಲವು ನಿಮಿಷಕ್ಕೊಮ್ಮೆ ಫೋನಿಗೆ ಶುಗರ್ ಕಳಿಸುತ್ತದೆ. ಖರ್ಚು ಹೆಚ್ಚು, ಎಲ್ಲರಿಗೂ ಆಗುವ ಮಾತಲ್ಲ. ಡೋಸ್ ಕೂರಿಸುವ ತಿಂಗಳುಗಳಿಗೆ ಮಾತ್ರ ಹಾಕಿಸಿದರೂ ಪ್ರಯೋಜನವಿದೆ. ಒಂದು ಎಚ್ಚರ: ಮೊದಲ ವಾರ ರಾತ್ರಿ ಎರಡಕ್ಕೆ ಅಲಾರಂ ಹೊಡೆಯಿತು, 52. ಓಡಿ ಹೋಗಿ ಎಬ್ಬಿಸಿ ಹಣ್ಣಿನ ರಸ ಕುಡಿಸಿದೆ. ಬೆಳಿಗ್ಗೆ 240. ಅವಳು ಆ ತೋಳಿನ ಮೇಲೇ ಮಲಗಿದ್ದಳು. ಒತ್ತಿದರೆ ಸೆನ್ಸರ್ ಸುಳ್ಳು ಲೋ ತೋರಿಸುತ್ತದೆ. ಈಗ ಮಗ್ಗುಲು ಬದಲಿಸಿ, ಬೆರಳು ಚುಚ್ಚಿ ನೋಡಿ ಆಮೇಲೆ ರಸ.

ಶಾಲೆಯಲ್ಲಿ ಆಟದ ದಿನಗಳು ಬೇರೆಯೇ. ಸಂಜೆ ಓಡಿ ಬಂದರೆ ಆಗ ಏನೂ ಇರಲ್ಲ, ನಡುರಾತ್ರಿ ಲೋ. ಸ್ನಾಯುಗಳು ಖಾಲಿಯಾದ ಸಕ್ಕರೆಯನ್ನು ಗಂಟೆಗಟ್ಟಲೆ ಆಮೇಲೂ ತುಂಬಿಕೊಳ್ಳುತ್ತಿರುತ್ತವೆ. ಆ ರಾತ್ರಿ ಬೇಸಲ್ ಸುಮಾರು ಐದನೇ ಒಂದು ಭಾಗ ಇಳಿಸಲು ನಮಗೆ ಹೇಳಿದ್ದಾರೆ. ಶಾಲೆಗೆ ಕೊಟ್ಟ ಪತ್ರದಲ್ಲಿ ನಾನು ದಪ್ಪ ಅಕ್ಷರದಲ್ಲಿ ಬರೆದದ್ದು ಒಂದೇ ಸಾಲು: ಲೋ ಆದಾಗ ಅವಳನ್ನು ಒಬ್ಬಳನ್ನೇ ಎಲ್ಲಿಗೂ ಕಳಿಸಬೇಡಿ. ಆ ಪತ್ರದಲ್ಲಿ ಡೋಸ್ ಬರೆಯಬೇಡಿ, ಬೇರೆ ಹಾಳೆಯಲ್ಲಿ ದಿನಾಂಕ ಹಾಕಿ ಕೊಡಿ. ನಮ್ಮ ಹಳೆಯ ಪತ್ರ ಶಾಲೆಯ ಫೈಲಿನಲ್ಲಿ ಒಂದೂವರೆ ವರ್ಷ 22 ಯೂನಿಟ್ ಅಂತಲೇ ಕೂತಿತ್ತು.

ಈಗ ಅವಳಿಗೆ 13. 44 ಕಿಲೋ, 54 ಯೂನಿಟ್. ಮುಟ್ಟಿನ ಮೂರು ನಾಲ್ಕು ದಿನ ಮೊದಲು ಶುಗರ್ ಏರುತ್ತದೆ, ಶುರುವಾದ ದಿನ ಸರ್‍ರನೆ ಇಳಿಯುತ್ತದೆ. ಎಲ್ಲರಿಗೂ ಹೀಗಲ್ಲವಂತೆ. ಇದನ್ನು ನಾನಲ್ಲ, ಅವಳೇ ಕಂಡುಹಿಡಿದಳು. ಮೂರು ತಿಂಗಳ ಪುಟ ಪಕ್ಕಪಕ್ಕ ಇಟ್ಟುಕೊಂಡು ನೋಡಿದಳಂತೆ. ಹೋದ ಭೇಟಿಯಲ್ಲಿ ಎಚ್‌ಬಿಎ1ಸಿ 7.3 ಬಂತು. ಬೆಳವಣಿಗೆ ನಿಂತ ಮೇಲೆ ಡೋಸ್ ಮತ್ತೆ ಇಳಿಯಬಹುದು ಅಂದರು ಡಾಕ್ಟರ್, ಆಗ ಲೋಗಳ ಮೇಲೆ ಕಣ್ಣಿಡಬೇಕು. ಬರುವಾಗ ದಾರಿಯಲ್ಲಿ ಏಳನೇ ನೋಟ್‌ಬುಕ್ ತಗೊಂಡಳು. ರಾತ್ರಿ ಸ್ಕೇಲ್ ಇಟ್ಟು ಗೆರೆ ಎಳೆದು ಅಂಕಣ ಮಾಡಿದಳು: ಬೇಸಲ್, ಊಟ, ಜಾಗ, ಆಟ, ಮುಟ್ಟು. ಕೊನೆಗೆ ಇನ್ನೊಂದು ಸಣ್ಣ ಅಂಕಣ ಉಳಿಯಿತು. ಅದರ ಮೇಲೆ "ಅಮ್ಮನ ಮುಖ" ಅಂತ ಬರೆದಿಟ್ಟಿದ್ದಾಳೆ.